ತಡಮೆಗೊಂದು ತಿರುವು

ಮೊನ್ನೆ ಮೂಡುಬಿದಿರೆಯಲ್ಲಿ ನಮ್ಮ ಮನೆಯ ಪಕ್ಕದ ಗುಡ್ಡವನ್ನು ಯಂತ್ರ ತಂದು ಕಡಿದರು. ಯಾರೋ ಮನೆ ಕಟ್ಟಿಸುತ್ತಾರಂತೆ. ಬೆಳಗಿನಿಂದ ಧೂಳು, ಗಡಗಡ ಸದ್ದು. ಕಿಟಕಿ ಮುಚ್ಚಿಕೊಂಡು ಒಳಗೇ ಬೈಯುತ್ತ ಕುಳಿತಿದ್ದೆ. ಸಂಜೆಗೆ ಒಂದು ಮಳೆ ಬಂತು. ಹೊಸತಾಗಿ ಕಡಿದ ಕೆಂಪು ಮಣ್ಣಿನ ಮೇಲೆ, ಒಡೆದ ಮುರಕಲ್ಲಿನ ಮೇಲೆ ಮೊದಲ ಮಳೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಗದ್ದೆಯ ಮಣ್ಣಿಗೆ ಅದಿಲ್ಲ, ಅಂಗಳದ ಮಣ್ಣಿಗೂ ಇಲ್ಲ. ಬಿಸಿಲನ್ನೇ ಕಾಣದೆ ಒಳಗಿದ್ದ ಮಣ್ಣು ಒಮ್ಮೆಲೇ ಒದ್ದೆಯಾದಾಗ ಬರುವ ವಾಸನೆ ಅದು. ಕಿಟಕಿ ತೆರೆದೆ. ಬೈಗುಳ ಅರ್ಧಕ್ಕೇ ನಿಂತಿತು. ನೀರು ಒಳಗೆ ಬರುತ್ತದೆ, ಮುಚ್ಚಿ ಎಂದು ಸೊಸೆ ಕೂಗಿದಳು. ಬರಲಿ ಬಿಡು ಅಂದೆ. ಆಗ ನಾನು ಆ ಕಿಟಕಿಯ ಹತ್ತಿರ ಇರಲೇ ಇಲ್ಲ, ನೇರಳಪಲ್ಕೆಯಲ್ಲಿದ್ದೆ.

ನೇರಳಪಲ್ಕೆಯನ್ನು ಭೂಪಟದಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ಚಾರ್ಮಾಡಿ ಘಾಟಿಯ ದಾರಿಯಲ್ಲಿ ಮುಂಡಾಜೆ ದಾಟಿ, ಕಕ್ಕಿಂಜೆಯ ಆಸುಪಾಸಿನಲ್ಲಿ ಬಸ್ಸಿನಿಂದ ಇಳಿದು, ನೆರಿಯದ ಕಾಡಿನ ಕಡೆಗೆ ಮುಖ ಮಾಡಿ ನಡೆಯಬೇಕಿತ್ತು. ಅದನ್ನು ದಾರಿ ಎನ್ನುವುದು ಉದಾರತೆ. ಸ್ವಲ್ಪ ದೂರ ಗದ್ದೆಯ ಹುಣಿಯ ಮೇಲೆ, ಸ್ವಲ್ಪ ದೂರ ಯಾರದೋ ಅಂಗಳದಲ್ಲಿ, ಸ್ವಲ್ಪ ದೂರ ಗುಡ್ಡದ ಮುಳ್ಳಿನಲ್ಲಿ. ನಡುವೆ ಒಂದು ತೋಡು. ಬೇಸಗೆಯಲ್ಲಿ ಸೀರೆಯ ಅಂಚು ನೆನೆಯದೆ ದಾಟಬಹುದಾದ ಆ ಹಳ್ಳ ಮಳೆಗಾಲದಲ್ಲಿ ಆನೆಯನ್ನೂ ಹೊತ್ತೊಯ್ಯುತ್ತದೆ ಎಂದು ಊರವರು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದರು. ತೋಡಿನ ಈಚೆ ಏಳೆಂಟು ಮನೆ. ಆಚೆ ನಾಲ್ಕು ಮನೆ, ಮತ್ತೆ ನನ್ನ ಶಾಲೆ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಕುಳಿತಿದ್ದೆ. ನೇಮಕದ ಆದೇಶ ಬಂದ ದಿನ ಅಮ್ಮ ಅತ್ತಳು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ, ಮಣ್ಣಿನಡಿಯ ಗೆಡ್ಡೆ ತಿನ್ನುವವರಲ್ಲ. ಕಾಡಿನ ಊರಿನಲ್ಲಿ ಇದನ್ನೆಲ್ಲ ನಡೆಸುವುದು ಹೇಗೆ ಎಂಬುದೇ ಅವಳ ಚಿಂತೆ. ಹುಲಿಯ ಚಿಂತೆ ಅದರ ಆಮೇಲೆ. ಆದರೆ ತೋಡಿನ ಆಚೆ, ಶಾಲೆಯ ಕಡೆಯಲ್ಲೇ ನನಗೆ ಉಳಿಯಲು ಕೋಣೆ ಕೊಟ್ಟ ಬಂಟರ ಮನೆಯ ಕಲ್ಯಾಣಿ ಅಕ್ಕ ನನ್ನ ವ್ರತವನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದರು. ಬಿಸಿಲು ಮನೆಯ ಸೂರಿನ, ಮಾಡಿನ ಅಂಚಿಗೆ ಇಳಿಯುವ ಮೊದಲೇ, ಟೀಚರ್ ಉಂಡರಾ ಎಂದು ಅಂಗಳದಿಂದ ಕೇಳುವರು. ನಾನು ನನ್ನ ಪುಟ್ಟ ಒಲೆಯ ಮುಂದೆ ಕುಳಿತು ಗಡಿಬಿಡಿಯಲ್ಲಿ ಉಣ್ಣುತ್ತಿದ್ದೆ. ನಾನು ಕೈ ತೊಳೆದ ಮೇಲೆಯೇ ಆ ಮನೆಯಲ್ಲಿ ದೀಪ ಹಚ್ಚುತ್ತಿದ್ದರು.

ಮನೆಯ ಯಜಮಾನರು ಕಲ್ಯಾಣಿ ಅಕ್ಕನ ಅಣ್ಣ ತಿಮ್ಮಪ್ಪಣ್ಣ. ಮಾತಾಡಿದರೆ ಬಾಯಿ ಸವೆಯುತ್ತದೆ ಎಂದು ತಿಳಿದವರಂತೆ ಇದ್ದ ಮನುಷ್ಯ. ಕಲ್ಯಾಣಿ ಅಕ್ಕನ ಒಬ್ಬಳೇ ಮಗಳು ಸುಮತಿ. ಹೆಚ್ಚುಕಡಿಮೆ ನನ್ನದೇ ಪ್ರಾಯ. ಗಂಡ ಬೊಂಬಾಯಿಯಲ್ಲಿ ಹೋಟೆಲಿನ ಕೆಲಸಕ್ಕಿದ್ದ, ವರ್ಷಕ್ಕೊಮ್ಮೆ ದೀಪಾವಳಿಗೆ ಬರುತ್ತಿದ್ದ. ಸುಮತಿ ತನ್ನ ತಾಯಿಮನೆಯಲ್ಲೇ ಇದ್ದಳು. ಮನೆ ಹೆಣ್ಣಿನಿಂದಲೇ ಮುಂದುವರಿಯುವ ಅಳಿಯಸಂತಾನದವರಲ್ಲಿ ಅದೇನೂ ವಿಶೇಷವಲ್ಲ. ಅವಳಿಗೆ ಓದುವ ಹುಚ್ಚು. ಶಾಲೆಯ ಕಪಾಟಿನಲ್ಲಿದ್ದ ಪುಸ್ತಕಗಳನ್ನು ಮಕ್ಕಳಿಗಿಂತ ಹೆಚ್ಚು ಓದಿದವಳು ಅವಳು. ಬಹು ಬೇಗ ನಮ್ಮಿಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಆಗದ ಹಾಗಾಯಿತು.

ನಾನು ಬರುವುದರ ಹಿಂದಿನ ವರ್ಷ ಆಟಿ ತಿಂಗಳ, ಅಂದರೆ ಆಷಾಢದ ಹೊತ್ತಿನ, ಹೊಡೆತದ ಮಳೆಯಲ್ಲಿ ಅವಳಿಗೆ ಮೊದಲ ಹೆರಿಗೆಯ ನೋವು ಬಂದಿತ್ತಂತೆ. ಮಗು ಅಡ್ಡ ತಿರುಗಿತ್ತು. ಊರಿನ ಸೂಲಗಿತ್ತಿ ಕೈ ಚೆಲ್ಲಿದಳು. ಕುರ್ಚಿಗೆ ಎರಡು ಬಿದಿರು ಕಟ್ಟಿ, ಸುಮತಿಯನ್ನು ಕೂರಿಸಿ, ಮೇಲೆ ಮಳೆಗೆ ಓಲೆಯ ಗೊರಬೆ ಹಿಡಿದು ತೋಡಿನವರೆಗೆ ಹೊತ್ತು ತಂದರು. ದಾಟಲೆಂದು ತೋಡಿಗೆ ಹಾಕಿದ ಮರದ ಸಂಕ ನೀರಿನಡಿ ಹೋಗಿತ್ತು. ರಸ್ತೆಯ ಕಡೆಯ ದಡದಲ್ಲಿ ಜನ ನಿಂತಿದ್ದರು, ಮನೆಯ ಕಡೆಯ ದಡದಲ್ಲಿ ಇವರು. ನೀರಿನ ಸದ್ದಿಗೆ ಕೂಗಿದ್ದೂ ಕೇಳುತ್ತಿರಲಿಲ್ಲ. ನೀರು ಇಳಿಯಲೆಂದು ಕಾದರು. ಅಲ್ಲಿಯೇ, ಹಿಡಿದ ಗೊರಬೆಗಳ ಕೆಳಗೆ, ಗಂಡುಮಗು ಹುಟ್ಟಿತು. ಅದು ಅಳಲೇ ಇಲ್ಲ. ಪ್ರಜ್ಞೆ ತಪ್ಪಿದ್ದ ಸುಮತಿಯನ್ನು ಅದೇ ಕುರ್ಚಿಯಲ್ಲಿ ಮನೆಗೆ ಹಿಂದೆ ತಂದರು. ತಿಮ್ಮಪ್ಪಣ್ಣ ಮಗುವನ್ನು ಎತ್ತಿಕೊಂಡು ಹೋದರು. ಎಲ್ಲಿ ಮಣ್ಣು ಮಾಡಿದರೆಂದು ಸುಮತಿಗೆ ಹೇಳಲಿಲ್ಲ.

ಅದು ಆ ಕಡೆಯ ನಂಬಿಕೆ. ಹೆತ್ತವಳಿಗೆ ಜಾಗ ತಿಳಿಯಬಾರದು. ತಿಳಿದರೆ ಅವಳ ಮನಸ್ಸು ಅಲ್ಲೇ ನಿಂತುಬಿಡುತ್ತದೆ, ಮುಂದಿನ ಮಗು ನಿಲ್ಲುವುದಿಲ್ಲ. ಊರಿಗೆ ಊರೇ ಬಲ್ಲ ಸಂಗತಿಯನ್ನು ಅವಳೊಬ್ಬಳಿಂದ ಮುಚ್ಚಿಟ್ಟಿದ್ದರು, ಕರುಣೆಯಿಂದಲೇ. ಒಂದು ಸಂಜೆ ಬಾವಿಕಟ್ಟೆಯಲ್ಲಿ ಅವಳು ನನ್ನನ್ನು ಕೇಳಿದಳು.

"ಟೀಚರ್, ನಿಮಗೆ ಯಾರಾದರೂ ಹೇಳಿದ್ದುಂಟಾ? ಅವನು ಎಲ್ಲಿದ್ದಾನೆ ಅಂತ?"

ನನಗೆ ಗೊತ್ತಿರಲಿಲ್ಲ. ಹೊರಗಿನವಳು ನಾನು, ನನಗೆ ಯಾರು ಹೇಳುತ್ತಾರೆ? ಇಲ್ಲ ಅಂದೆ. ಅವಳು ಕೊಡಪಾನ ಎತ್ತಿಕೊಂಡು, ನಡೆಯುವಾಗ ಎಲ್ಲಿ ಕಾಲಿಟ್ಟರೂ ಹೆದರಿಕೆ ಆಗ್ತದೆ ಟೀಚರ್, ಅವನ ಮೇಲೆಯೇ ಇಟ್ಟೆನಾ ಅಂತ, ಎಂದಳು. ಆ ಮಾತು ಕೇಳಿದ ಮೇಲೆ ನನಗೂ ಕೆಲವು ದಿನ ಆ ಊರಿನಲ್ಲಿ ನೆಟ್ಟಗೆ ನಡೆಯಲು ಆಗಲಿಲ್ಲ.

ದೀಪಾವಳಿಗೆ ಗಂಡ ಬಂದು ಹೋದ. ಮಕರದ ಚಳಿಯ ಹೊತ್ತಿಗೆ ಸುಮತಿ ಮತ್ತೆ ಬಸುರಿ ಎಂದು ಗೊತ್ತಾಯಿತು. ಲೆಕ್ಕ ಹಾಕಿದರೆ ಹೆರಿಗೆ ಮತ್ತೆ ಆಟಿಗೇ ಬರುತ್ತದೆ. ಆ ಮನೆಯಲ್ಲಿ ಯಾರೂ ಸಂತೋಷವನ್ನು ಬಾಯಿಬಿಟ್ಟು ಆಡಲಿಲ್ಲ. ಕಲ್ಯಾಣಿ ಅಕ್ಕ ದೈವಕ್ಕೆ ಹರಕೆ ಹೊತ್ತರು. ಸುಮತಿ ತುಂಬ ನಗುತ್ತಿದ್ದಳು. ಅವಳು ಹೆದರಿದಾಗ ಹಾಗೆ ನಗುತ್ತಾಳೆ ಎಂದು ನನಗೆ ಆಗಲೇ ತಿಳಿದಿತ್ತು. ಒಂದು ದಿನ ಬೆಳಗ್ಗೆ ತಿಮ್ಮಪ್ಪಣ್ಣ ಚಾವಡಿಯಲ್ಲಿ ಎಲೆ ಹಾಕಿಕೊಳ್ಳುತ್ತಿದ್ದವರು ಎದ್ದು, ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ ಹೇಳಿದರು:

"ಮಳೆಗೆ ಮೊದಲು ರಸ್ತೆ ಮಾಡುವ."

ಅಷ್ಟೇ. ವರ್ಷವಿಡೀ ಅವರು ನನ್ನೆದುರು ಆಡಿದ ಅತಿ ಉದ್ದದ ಮಾತು ಇರಬೇಕು ಅದು.

ಆಗ ಎಲ್ಲೆಲ್ಲೂ ಶ್ರಮದಾನದ ಗಾಳಿ. ಬ್ಲಾಕ್ ಆಫೀಸಿನವರು ಊರೂರಿಗೆ ಬಂದು ಭಾಷಣ ಮಾಡುತ್ತಿದ್ದರು: ಊರವರು ಮೈ ಬಗ್ಗಿಸಿ ದಾರಿ ಕಡಿದುಕೊಟ್ಟರೆ ಬಂಡೆ ಒಡೆಯಲು ಮದ್ದು ಕೊಡುತ್ತೇವೆ, ಆಮೇಲೆ ಓವರ್‌ಸಿಯರು ಬಂದು ನೋಡಿ ಒಪ್ಪಿದರೆ ತೋಡಿಗೆ ಮೋರಿ ಕಟ್ಟಿಸಿಕೊಡುತ್ತೇವೆ. ತಿಮ್ಮಪ್ಪಣ್ಣ ಮನೆಮನೆಗೆ ಹೋಗಿ ಕುಳಿತರು. ಅವರು ಏನು ಹೇಳುತ್ತಿದ್ದರೋ, ಬರೀ ಕುಳಿತೇ ಬರುತ್ತಿದ್ದರೋ, ಅಂತೂ ಎಲ್ಲರೂ ಒಪ್ಪಿದರು. ಪ್ರತಿ ಮನೆಯವರೂ ತಮ್ಮ ತಮ್ಮ ಗಡಿಯಿಂದ ಗಡಿಯವರೆಗೆ ತಮ್ಮ ಪಾಲಿನ ರಸ್ತೆ ಮಾಡುವುದು ಎಂದು ತೀರ್ಮಾನವಾಯಿತು. ಮುಖ್ಯ ರಸ್ತೆಯಿಂದ ತೋಡಿನವರೆಗೆ ಈಚೆಯ ಮನೆಗಳದು, ತೋಡಿನಿಂದ ಶಾಲೆಯವರೆಗೆ ಆಚೆಯ ನಾಲ್ಕು ಮನೆಗಳದು. ತೋಡಿಗೆ ಸದ್ಯ ಚಪ್ಪಡಿ ಕಲ್ಲು ಹಾಸಿ, ಮಳೆ ಜೋರಾಗುವ ತನಕ ಗಾಡಿ ದಾಟುವಂತೆ ಮಾಡುವುದು. ಕೇಳಲು ಎಷ್ಟು ಚೆನ್ನಾಗಿತ್ತು!

ಕೆಲಸ ಶುರುವಾಯಿತು. ಬೆಳಗ್ಗೆ ಗದ್ದೆ ಕೆಲಸ ಮುಗಿಸಿ ಗಂಡಸರು ಪಿಕ್ಕಾಸು, ಹಾರೆ ಹಿಡಿದು ಇಳಿಯುವರು. ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊರುವರು. ಭಾನುವಾರ ನಾನೂ ಹೊತ್ತೆ. ಮೂಡುಬಿದಿರೆಯ ಬಸದಿಯ ಮೆಟ್ಟಿಲು ಬಿಟ್ಟರೆ ಬೇರೇನೂ ಹತ್ತಿ ಗೊತ್ತಿಲ್ಲದ ನನ್ನ ಕಾಲುಗಳು ಸಂಜೆಗೆ ನನ್ನವೇ ಅಲ್ಲ ಅನ್ನಿಸುತ್ತಿತ್ತು. ಮುರಕಲ್ಲನ್ನು ಕಡಿದಾಗ ಒಳಗಿನಿಂದ ಬರುವ ಕೆಂಪು, ಹಳದಿ, ಬಿಳಿ ಬಣ್ಣಗಳನ್ನು ನಾನು ನೋಡಿದ್ದು ಆಗಲೇ. ಹೊಟ್ಟೆ ತುಂಬ ಗಂಜಿ, ಅದಕ್ಕೊಂದು ಮಾವಿನಮಿಡಿ, ಬಾಯಿತುಂಬ ತಮಾಷೆ. ಸುಮತಿ ದಿನಾ ಸಂಜೆ ಅಂಗಳದ ಅಂಚಿಗೆ ಬಂದು, ಎಲ್ಲಿಯವರೆಗೆ ಬಂತು ಎಂದು ನನ್ನನ್ನು ಕೇಳುತ್ತಿದ್ದಳು. ಅವಳ ಹೊಟ್ಟೆ ಬೆಳೆಯುತ್ತಿತ್ತು, ರಸ್ತೆಯೂ ಬೆಳೆಯುತ್ತಿತ್ತು.

ಆದರೆ ರಸ್ತೆ ಬೆಳೆಯುತ್ತಿದ್ದ ರೀತಿ ನೋಡಿ ಒಂದು ದಿನ ನನಗೆ ತಲೆ ಕೆಟ್ಟಿತು. ಬ್ಲಾಕಿನವರು ಗೂಟ ಹೊಡೆದು ಹೋಗಿದ್ದು ನೇರವಾಗಿ. ಇವರು ಕಡಿದದ್ದು ಹೊಟ್ಟೆನೋವು ಬಂದವರು ಹೊರಳಾಡಿದ ಹಾಗೆ. ಪ್ರತಿ ಮನೆಯವರೂ ತಮ್ಮ ಪಾಲಿನ ರಸ್ತೆಯನ್ನು ತಮ್ಮ ಮನೆಯ ತಡಮೆಯವರೆಗೆ ಎಳೆದು ತಂದಿದ್ದರು. ತಡಮೆ ಎಂದರೆ ದನ ನುಗ್ಗದಂತೆ ಅಡ್ಡ ಬಿದಿರುಗಳನ್ನು ಇಟ್ಟಿರುವ ಅಂಗಳದ ಬಾಗಿಲು. ಆ ಕಡೆ ಒಂದು ಪದ್ಧತಿ. ತಡಮೆಯ ಮುಂದೆ ಹಾದುಹೋಗುವವನನ್ನು ಕರೆದು, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಟ್ಟು ಕಳಿಸಬೇಕು. ಕೊಡದ ಮನೆ ಮನೆಯಲ್ಲ. ಇನ್ನು ದಾರಿಯೇ ತಡಮೆಯನ್ನು ಬಿಟ್ಟು ದೂರದಲ್ಲಿ ಹೋದರೆ? ಆ ಮನೆಯವರನ್ನು ಊರೇ ಕೈಬಿಟ್ಟ ಹಾಗೆ! ಹಾಗಾಗಿ ಎಲ್ಲರೂ ಪಕ್ಕದವರಿಗೆ ಒಂದು ಮಾತೂ ಹೇಳದೆ ರಸ್ತೆಯನ್ನು ತಂತಮ್ಮ ಬಾಗಿಲಿಗೆ ತಿರುಗಿಸಿದ್ದರು. ಪಕ್ಕದವರ ತುದಿಗೆ ತಮ್ಮ ತುದಿ ಸೇರದಿದ್ದಾಗ ಮತ್ತೊಂದು ತಿರುವು. ಎಲ್ಲರಿಗಿಂತ ದೊಡ್ಡ ತಿರುವು ತೋಡಿನ ಈಚೆಯ ಮನೆಯ ಬಾಬಣ್ಣನದು. ಅವರ ದನದ ಹಟ್ಟಿಯ ಹುಲ್ಲಿನ ಮಾಡಿಗೆ ಎತ್ತಿನ ಗಾಡಿ ತಾಗುವಷ್ಟು ಹತ್ತಿರ.

ಕೆಲಸ ಹೀಗೆ ಒಂದಕ್ಕೆರಡಾಯಿತು. ವೈಶಾಖ ಕಳೆಯುತ್ತ ಬಂತು, ಪಡುವಣದಲ್ಲಿ ಮೋಡ ಕಾಣಿಸತೊಡಗಿತು. ನಾನು ಬಾಬಣ್ಣನ ಹತ್ತಿರ ಹೋಗಿ, ಟೀಚರ್ ಎಂಬ ಅಧಿಕಾರದಿಂದಲೇ ಜಗಳ ಮಾಡಿದೆ. ಸುಮತಿಯ ಹೆರಿಗೆ ನಿಮ್ಮ ತಡಮೆಗಾಗಿ ಕಾಯುವುದಿಲ್ಲ ಎಂದುಬಿಟ್ಟೆ. ಬಾಬಣ್ಣ ಮಾತಿನ ಮಲ್ಲ, ಊರಿನ ಎಲ್ಲ ಜಗಳದಲ್ಲೂ ಒಂದು ಪಾಲು ಅವರದು. ಆ ದಿನ ಮಾತ್ರ ಸಿಟ್ಟು ಮಾಡಿಕೊಳ್ಳಲಿಲ್ಲ. ಹಾರೆಗೆ ಗಲ್ಲ ಊರಿ ಕೇಳಿದರು:

"ಟೀಚರೇ, ದಾರಿ ಅಂದರೆ ದಾಟಿ ಹೋಗ್ಲಿಕ್ಕೆ ಮಾತ್ರವಾ? ಮನೆಗೆ ಬರ್ಲಿಕ್ಕೆ ಅಲ್ಲವಾ?"

ಸಿಟ್ಟಿನಿಂದ ತಿರುಗಿ ಮನೆಗೆ ಬಂದೆ. ಅಂತೂ ಜ್ಯೇಷ್ಠದ ಹೊತ್ತಿಗೆ, ಅರ್ಧ ಗಟ್ಟಿ ಅರ್ಧ ಸಡಿಲ, ರಸ್ತೆಯ ಒಂದು ತುದಿ ಇನ್ನೊಂದಕ್ಕೆ ಸೇರಿತು. ತೋಡಿಗೆ ಕಲ್ಲು ಹಾಸಿ ಆಯಿತು. ಹೆರಿಗೆಗೆ ಇನ್ನೂ ತಿಂಗಳ ಮೇಲೆ ಇತ್ತು. ಮಳೆ ಹಿಡಿಯುವ ಮೊದಲೇ ಸುಮತಿಯನ್ನು ಗಾಡಿಯಲ್ಲಿ ಬೆಳ್ತಂಗಡಿಗೆ ಕರೆದುಕೊಂಡು ಹೋಗಿ ನಂಟರ ಮನೆಯಲ್ಲಿ ಇರಿಸುವುದೆಂದು ಮಾತಾಯಿತು. ದಿನ ನೋಡುತ್ತಿದ್ದರು.

ದಿನ ನೋಡುತ್ತಿದ್ದ ಹಾಗೆಯೇ ಮಳೆ ಬಂತು, ಅದರ ಜೊತೆಯಲ್ಲಿ ದಿನ ತುಂಬುವ ಮೊದಲೇ ನೋವೂ ಬಂತು. ಶಾಲೆಯ ಗಂಟೆ ಹೊಡೆಯಲು ಹೊರಟವಳನ್ನು ಕಲ್ಯಾಣಿ ಅಕ್ಕ ಕೈ ಹಿಡಿದು ನಿಲ್ಲಿಸಿದರು. ಈ ಸ್ಥಿತಿಯಲ್ಲಿ ಅವಳನ್ನು ಅಲ್ಲಾಡಿಸುವ ಹಾಗಿಲ್ಲ, ಮುಂಡಾಜೆಯಲ್ಲಿ ಹೆರಿಗೆಗೆ ಬರುವ ನರ್ಸ್ ಬಾಯಮ್ಮ ಇದ್ದಾರಂತೆ, ಹೆಂಗಸಿನ ಕಷ್ಟಕ್ಕೆ ಹೆಂಗಸೇ ಹೋಗಿ ಕರೆಯಬೇಕು, ನೀವು ಹೋಗ್ತೀರಾ ಎಂದು ಕೇಳಿದರು. ನಾನು ಛತ್ರಿಯನ್ನೂ ತೆಗೆದುಕೊಳ್ಳದೆ ಓಡಿದೆ. ತಿಮ್ಮಪ್ಪಣ್ಣ ತೋಡಿನವರೆಗೆ ಬಂದರು. ಕಲ್ಲಿನ ಮೇಲೆ ನೀರು ಪಾದ ಮುಳುಗುವಷ್ಟು ಹರಿಯುತ್ತಿತ್ತು. ಅವರು ಅಲ್ಲೇ ನಿಂತರು. ಇವರು ನೀರಿಗೆ ಕಾವಲು ನಿಂತರೋ ಏನೋ ಎಂದು ಆ ಗಾಬರಿಯಲ್ಲೂ ಅನ್ನಿಸಿತು.

ನರ್ಸ್ ಬಾಯಮ್ಮ ದಪ್ಪ ಶರೀರದ, ದಪ್ಪ ಸ್ವರದ ಕ್ರಿಶ್ಚನ್ ಹೆಂಗಸು. ನೇರಳಪಲ್ಕೆ ಎಂದ ಕೂಡಲೇ, ಆ ಊರಿಗೆ ನಾನು ಹಕ್ಕಿಯಾಗಿ ಬರಬೇಕಾ ಎಂದರು. ರಸ್ತೆ ಆಗಿದೆ ಅಂದೆ. ನನ್ನ ಮುಖ ನೋಡಿ ಚೀಲ ಎತ್ತಿಕೊಂಡರು. ಮರದ ಕಂತ್ರಾಟುದಾರರ ಹಳೆಯ ಜೀಪು ಅಲ್ಲಿ ನಿಂತಿತ್ತು. ಅದರ ಡ್ರೈವರ್ ಹಮ್ಮಬ್ಬ ಸಂಗತಿ ಕೇಳಿ, ಬಾಡಿಗೆಯ ಮಾತೇ ಎತ್ತದೆ ಕೀಲಿ ತಿರುಗಿಸಿದ.

ಮುಖ್ಯ ರಸ್ತೆಯಿಂದ ನಮ್ಮ ರಸ್ತೆಗೆ ಇಳಿದದ್ದೇ ಜೀಪು ಹೂತುಹೋಯಿತು. ಹೊಸ ಮಣ್ಣು, ಮೊದಲ ಮಳೆ. ಗಾಲಿ ತಿರುಗಿದಷ್ಟೂ ಕೆಳಗೆ. ಆಗ ಮೊದಲ ಮನೆಯವರು ತಡಮೆ ಹಾರಿ ಓಡಿ ಬಂದರು. ತಂದೆ, ಮಕ್ಕಳು, ಸೊಸೆ, ಮುದುಕಿ ಸಹ. ಹೇಳುವ ಮೊದಲೇ ಜೀಪಿನ ಹಿಂದೆ ಭುಜ ಕೊಟ್ಟರು. ಅವರ ಗಡಿಯವರೆಗೆ ತಳ್ಳಿ, ಇಲ್ಲಿಗೆ ನಮ್ಮದು ಮುಗಿಯಿತು ಎಂದು ಮುಂದಿನ ಮನೆಯವರನ್ನು ಕೂಗಿದರು. ಎರಡನೆಯ ಮನೆಯವರು ಆಗಲೇ ಇಳಿದಿದ್ದರು. ರಸ್ತೆ ಪ್ರತಿ ಮನೆಯ ಬಾಗಿಲಿಗೆ ಹೋಗಿದ್ದರಿಂದ ಯಾರನ್ನೂ ಕರೆಯಲು ಹೋಗಬೇಕಾಗಲಿಲ್ಲ. ಎಲ್ಲರ ಅಂಗಳಕ್ಕೂ ಜೀಪಿನ ಸದ್ದು ಕೇಳುತ್ತಿತ್ತು. ಹೀಗೆ ಮನೆಯಿಂದ ಮನೆಗೆ, ಕೈಯಿಂದ ಕೈಗೆ, ಮದುಮಗಳನ್ನು ಒಪ್ಪಿಸಿದ ಹಾಗೆ ಜೀಪನ್ನು ಒಪ್ಪಿಸುತ್ತ ಹೋದರು. ತಮ್ಮ ಪಾಲಿನ ರಸ್ತೆಯಲ್ಲಿ ಜೀಪು ನಿಂತಿತು ಎಂಬ ಹೆಸರು ಯಾರಿಗೂ ಬೇಡವಾಗಿತ್ತು. ನಾನು ಅಳುತ್ತಿದ್ದೆ ಎಂದು ಹಮ್ಮಬ್ಬ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅತ್ತದ್ದು ನಿಜ.

ಬಾಬಣ್ಣನ ಆ ದೊಡ್ಡ ತಿರುವಿನಲ್ಲಿ ಜೀಪು ಹಟ್ಟಿಯ ಮಾಡಿಗೆ ಸಿಕ್ಕಿಹಾಕಿಕೊಂಡಿತು. ಬಾಬಣ್ಣ ಒಂದು ಕ್ಷಣ ಮಾಡನ್ನು ನೋಡಿದರು, ಒಂದು ಕ್ಷಣ ನನ್ನನ್ನು. ಆಮೇಲೆ ಮಗನ ಕೈಯಿಂದ ಕತ್ತಿ ಕಿತ್ತುಕೊಂಡು ಮಾಡಿನ ಆ ಮೂಲೆಯನ್ನೇ ಕಡಿದು ಹಾಕಿದರು. ಅಷ್ಟರಲ್ಲಿ ಅವರ ಹೆಂಡತಿ ಸುರಿಯುವ ಮಳೆಯಲ್ಲಿ ಒಂದು ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ಹಿಡಿದುಕೊಂಡು ಜೀಪಿನ ಬಳಿ ಬಂದರು. ಆಕಾಶವೇ ನೀರು ಕೊಡುತ್ತಿದೆಯಲ್ಲ ಎಂದು ಬಾಯಮ್ಮ ಗದರಿದರು. ಆದರೂ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡರು.

ತೋಡಿನಲ್ಲಿ ನೀರು ಮೊಣಕಾಲಿಗೆ ಏರಿತ್ತು. ತಿಮ್ಮಪ್ಪಣ್ಣ ನಾನು ಬಿಟ್ಟುಹೋದ ಜಾಗದಲ್ಲೇ ಇದ್ದರು. ಈಗ ನೀರಿನೊಳಗೆ, ಕಲ್ಲುಹಾಸಿನ ಅಂಚು ತೋರಿಸಲು ಒಂದು ಕೋಲು ಊರಿಕೊಂಡು ನಿಂತಿದ್ದರು. ಆಚೆಯ ಮೂರು ಮನೆಗಳ ಗಂಡಸರು ಇನ್ನೊಂದು ಅಂಚಿಗೆ ಸಾಲಾಗಿ ನಿಂತಿದ್ದರು. ಅವರ ನಡುವೆ ಹಮ್ಮಬ್ಬ ಜೀಪು ದಾಟಿಸಿದ. ಆಚೆ ದಡ ಹತ್ತಿದಾಗ ತಿಮ್ಮಪ್ಪಣ್ಣನ ಮುಖವನ್ನು ನೋಡಲು ನನಗೆ ಧೈರ್ಯ ಬರಲಿಲ್ಲ.

ಮಗು ಈ ಸಲವೂ ಅಡ್ಡ ತಿರುಗಿತ್ತು. ಬಾಯಮ್ಮ ಸೆರಗು ಸಿಕ್ಕಿಸಿ, ನಮ್ಮನ್ನೆಲ್ಲ ಬೈದು, ಬಿಸಿನೀರು ತರಿಸಿ, ಬಾಗಿಲು ಹಾಕಿಕೊಂಡರು. ನನ್ನನ್ನು ಮಾತ್ರ ಸುಮತಿಯ ತಲೆಯ ಬಳಿ ಇರಲು ಬಿಟ್ಟರು. ಅವಳ ಕೈ ನನ್ನ ಕೈಯನ್ನು ಹಿಡಿದಿದ್ದ ಬಿಗಿ ಈಗಲೂ ನನ್ನ ಬೆರಳಿಗೆ ಗೊತ್ತು. ಹೊತ್ತು ಇಳಿಯುತ್ತಿತ್ತು. ಒಂದು ನೋವು ಕಳೆದು ಇನ್ನೊಂದು ಬರುವ ನಡುವೆ ಅವಳು ಕಣ್ಣು ತೆರೆದು ಕಿಟಕಿಯ ಕಡೆ ನೋಡಿದಳು.

"ಟೀಚರ್, ಬೆಳಕು ಹೋಗ್ತಾ ಉಂಟು. ನೀವು ಹೋಗಿ ಉಂಡು ಬನ್ನಿ."

ಅಂಥ ಹೊತ್ತಿನಲ್ಲಿ ಇನ್ನೊಬ್ಬರ ಊಟದ ನೆನಪಾಗುವ ಜೀವ ಅದು. ನಾನು ಏಳಲಿಲ್ಲ. ಬೆಳಕು ಪೂರ್ತಿ ಹೋಗುವ ಮೊದಲು ಮಗು ಹುಟ್ಟಿತು, ಅಂಗಳಕ್ಕೆ ಕೇಳುವ ಹಾಗೆ ಅತ್ತಿತು. ಹೆಣ್ಣು. ಹೆಣ್ಣೆಂದರೆ ಆ ಮನೆಗೆ ಮುಂದೆ ದೀಪ ಹಚ್ಚುವವಳು. ಕಲ್ಯಾಣಿ ಅಕ್ಕ ಹೊರಗಿನ ಕಂಬವನ್ನು ಅಪ್ಪಿಕೊಂಡು ಅತ್ತರು. ತಿಮ್ಮಪ್ಪಣ್ಣ ಒದ್ದೆ ಬಟ್ಟೆಯಲ್ಲೇ ಅಂಗಳದಲ್ಲಿ ನಿಂತಿದ್ದರು, ಒಳಗೆ ಬನ್ನಿ ಎಂದರೂ ಬರಲಿಲ್ಲ.

ಮಳೆಗಾಲ ಕಳೆಯಿತು. ಕೊಯ್ಲು ಮುಗಿದ ಮೇಲೆ ಓವರ್‌ಸಿಯರು ರಸ್ತೆ ನೋಡಲು ಬಂದರು. ಹಾಸನದ ಕಡೆಯವರು, ನಮ್ಮ ಸೀಮೆಗೆ ಹೊಸಬರು, ಒಳ್ಳೆಯ ಮನುಷ್ಯ. ಅವರು ಒಪ್ಪಿದರೆ ಮುಂದಿನ ಮಳೆಯೊಳಗೆ ತೋಡಿಗೆ ಮೋರಿ. ಸಹಾಯಕನ ಕೈಯಲ್ಲಿ ಟೇಪು, ಗೂಟಗಳು. ಊರಿಗೆ ಊರೇ ಅವರ ಹಿಂದೆ ಹೊರಟಿತು. ತುಳು ಆಡುವ ಊರವರಿಗೆ ಅವರ ಮಾತು ಅರ್ಥವಾಗದಿದ್ದರೆ ಇರಲಿ ಎಂದು ನನ್ನನ್ನೂ ಕರೆದಿದ್ದರು. ಮೊದಲ ತಿರುವಿನಲ್ಲಿ ಬೆಲ್ಲ ನೀರು ಬಂತು. ಓವರ್‌ಸಿಯರು ಸಂತೋಷದಿಂದ ಕುಡಿದರು. ಎರಡನೆಯದರಲ್ಲೂ ಕುಡಿದರು. ಅರ್ಧ ದಾರಿಗೆ ಬರುವಾಗ ಚೊಂಬು ಕಂಡರೆ ಬೇರೆ ಕಡೆ ನೋಡುವ ಸ್ಥಿತಿ. ಬಾಬಣ್ಣನ ತಡಮೆಯ ಮುಂದೆ ಹೊಟ್ಟೆ ಹಿಡಿದುಕೊಂಡು ನಿಂತು, ಏನ್ರೀ ಇದು, ರಸ್ತೆ ಮಾಡಿದ್ದೀರೋ ನೆಂಟರ ಮನೆ ತಿರುಗಾಡ್ತಿದ್ದೀರೋ ಎಂದು ಕೇಳಿದರು. ಆಮೇಲೆ ಗಂಭೀರವಾಗಿ ಹೇಳಿದರು: ಈ ತಿರುವುಗಳಲ್ಲಿ ಲಾರಿ ತಿರುಗುವುದಿಲ್ಲ, ಮೋರಿಗೆ ಬೇಕಾದ ಸಾಮಾನು ತೋಡಿನವರೆಗೆ ಬರುವುದಿಲ್ಲ. ರಸ್ತೆ ನೇರ ಆಗಬೇಕು. ಇಲ್ಲದಿದ್ದರೆ ಮೋರಿ ಇಲ್ಲ.

ಎಲ್ಲರ ಕಣ್ಣು ಬಾಬಣ್ಣನ ಮೇಲೆ. ಬಾಬಣ್ಣ, ತಾವು ಕಡಿದು ಹಾಕಿದ ಮಾಡಿನ ಮೂಲೆಯನ್ನು ಸ್ವಲ್ಪ ಹೊತ್ತು ನೋಡಿದರು. ಬಳಿಕ ಸಹಾಯಕನಿಂದ ಒಂದು ಗೂಟ ತೆಗೆದುಕೊಂಡು, ತಮ್ಮ ಗದ್ದೆಯ ಆಚೆ ಅಂಚಿಗೆ, ತಡಮೆಯಿಂದ ದೂರ, ತಾವೇ ನಡೆದುಹೋಗಿ ಹೊಡೆದರು. ಅವರು ಹೊಡೆದ ಮೇಲೆ ಉಳಿದವರು ಹಿಂದುಳಿಯುವ ಹಾಗಿರಲಿಲ್ಲ. ಬಾಬಣ್ಣನ ಹೆಂಡತಿ ಚೊಂಬು ಹಿಡಿದುಕೊಂಡೇ ನಿಂತಿದ್ದರು. ಇನ್ನು ನಮ್ಮಲ್ಲಿಗೆ ನೀರಿಗೆ ಯಾರು ಬರುತ್ತಾರೆ ಎಂದು ಯಾರನ್ನೂ ನೋಡದೆ ಕೇಳಿದರು. ನಾನು ಬರ್ತೇನೆ ಎಂದು ತಿಮ್ಮಪ್ಪಣ್ಣ ಹೇಳಿದರು.

ತೋಡು ದಾಟಿದೆವು. ಸುಮತಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಆಚೆ ದಡದಲ್ಲಿ ಕಾಯುತ್ತಿದ್ದಳು. ಓವರ್‌ಸಿಯರು ಮನೆಗೆ ಬಂದೇ ಹೋಗಬೇಕು, ಕಾಫಿ ಮಾಡಿದ್ದೇವೆ, ಬೆಲ್ಲ ನೀರಲ್ಲ ಎಂದು ಕರೆಯಲು ಬಂದಿದ್ದಳು. ಎಲ್ಲರೂ ನಕ್ಕರು. ದಡದಿಂದ ಸ್ವಲ್ಪ ಮೇಲೆ ಹತ್ತಿದರೆ ಒಂದು ರೆಂಜೆ ಮರ, ಬೇರೆ ಕಡೆಯವರ ಬಕುಳ. ಅಲ್ಲಿ ರಸ್ತೆ ಮತ್ತೆ ತಿರುಗಿತ್ತು. ಮರಕ್ಕೆ ಒಂದು ಸುತ್ತು ಬಂದು ಮುಂದೆ ಹೋಗಿತ್ತು. ದಿನವೂ ಅದೇ ದಾರಿಯಲ್ಲಿ ನಡೆದರೂ ಅದನ್ನು ನಾನು ಮನಸ್ಸಿಗೆ ತಂದುಕೊಂಡಿರಲಿಲ್ಲ. ಎಷ್ಟೊಂದು ತಿರುವುಗಳಲ್ಲಿ ಅದೂ ಒಂದು. ಓವರ್‌ಸಿಯರು ಸುತ್ತ ನೋಡಿದರು. ಮನೆ ಇಲ್ಲ, ಹಟ್ಟಿ ಇಲ್ಲ, ತಡಮೆ ಇಲ್ಲ.

"ಇಲ್ಲಿ ಯಾರ ಮನೇನೂ ಇಲ್ವಲ್ರೀ. ಇಲ್ಲಿ ಯಾಕೆ ತಿರುಗಿಸಿದ್ರಿ?"

ನಗು ನಿಂತಿತು. ಗಂಡಸರು ನೆಲ ನೋಡಿದರು. ತಿಮ್ಮಪ್ಪಣ್ಣ ಬಾಯಿ ತೆರೆದರು, ಆದರೆ ಮಾತು ಬರಲಿಲ್ಲ. ಅವರಿಗೆ ಮಾತು ಬೇಕಾಗಿ, ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬಾಬಣ್ಣ ಅವರ ಮುಖವನ್ನೇ ನೋಡುತ್ತಿದ್ದರು. ತಿಮ್ಮಪ್ಪಣ್ಣ ಸುಮತಿಯ ಸೊಂಟದಲ್ಲಿದ್ದ ಕೂಸನ್ನು ಒಮ್ಮೆ ನೋಡಿ, ಹೇಳು ಎನ್ನುವ ಹಾಗೆ ಬಾಬಣ್ಣನಿಗೆ ತಲೆ ಅಲ್ಲಾಡಿಸಿದರು. ಎರಡನೆಯ ಕೂಸು ಬದುಕಿ ನಿಂತಿದೆ, ಇನ್ನು ಹೆದರಿಕೆ ಇಲ್ಲ ಎಂದು ಅದರ ಅರ್ಥ.

"ಮನೆ ಉಂಟು ಸ್ವಾಮಿ," ಎಂದರು ಬಾಬಣ್ಣ. "ನಮ್ಮ ಸುಮತಿಯ ದೊಡ್ಡ ಮಗ ಇಲ್ಲಿ ಇದ್ದಾನೆ."

ಓವರ್‌ಸಿಯರಿಗೆ ಮೊದಲು ತಿಳಿಯಲಿಲ್ಲ, ಮರದ ಹಿಂದೆ ಮನೆಯನ್ನು ಹುಡುಕಿದರು. ಆಮೇಲೆ ನಮ್ಮ ಮುಖಗಳನ್ನು ನೋಡಿ ತಿಳಿದುಕೊಂಡರು. ಟೇಪನ್ನು ತಾವೇ ಸುತ್ತತೊಡಗಿದರು. ಈ ತಿರುವು ಇರಲಿ, ಲಾರಿ ನಿಧಾನಕ್ಕೆ ಹೋದರಾಯಿತು ಎಂದು ಸಹಾಯಕನಿಗೆ ಮೆಲ್ಲಗೆ ಹೇಳಿದರು.

ನಾನು ಸುಮತಿಯನ್ನು ನೋಡುತ್ತಿದ್ದೆ. ಆ ರೆಂಜೆಯ ಹೂವನ್ನು ಅವಳು ಎಷ್ಟು ಬೆಳಗು ಹೆಕ್ಕಿ ಪೋಣಿಸಿ ಮುಡಿದಿದ್ದಳೋ. ಅವಳು ಅಳುತ್ತಾಳೆ, ಕುಸಿದು ಕೂರುತ್ತಾಳೆ ಎಂದು ಹಿಡಿಯಲು ಹತ್ತಿರ ಹೋದೆ. ಅವಳು ಅತ್ತಳು, ಆದರೆ ಕುಸಿಯಲಿಲ್ಲ.

"ಇಲ್ಲಿಯಾ ಮಾವ?" ಎಂದು ಕೇಳಿದಳು.

"ಇಲ್ಲಿಯೇ ಮಗಾ."

ಅವಳು ರಸ್ತೆ ಬಿಟ್ಟು ಮರದ ಬುಡದ ಹತ್ತಿರ ಹೋದಳು. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂದು ಈಗ ಅವಳಿಗೆ ಗೊತ್ತಿತ್ತು. ಕೂಸನ್ನು ಸೊಂಟದಿಂದ ಎತ್ತಿ, ಮರದ ಕಡೆಗೆ ಮುಖ ಮಾಡಿ ಹಿಡಿದುಕೊಂಡು, ಅಣ್ಣ ಎಂದು ತೋರಿಸಿದಳು. ಅಣ್ಣ, ಅಣ್ಣ ಎಂದು ಮತ್ತೆ ಮತ್ತೆ ಹೇಳಿಕೊಟ್ಟಳು. ಕೂಸಿಗೆ ಇನ್ನೂ ಮಾತು ಬರುತ್ತಿರಲಿಲ್ಲ.